ದೊಡ್ಡಬಳ್ಳಾಪುರದ ಎರಡು ಒತ್ತು

2023ರ ಡಿಸೆಂಬರ್ 27 ನೆನಪಿದೆಯಾ ವೀಕ್ಷಕರೇ? ದೇವನಹಳ್ಳಿ ರಸ್ತೆಯ ಸಾದಹಳ್ಳಿ ಟೋಲ್ ಹತ್ತಿರ ಕರವೇ ಕಾರ್ಯಕರ್ತರು ಸೇರಿದ್ರು, ಬೆಂಗಳೂರಲ್ಲಿ ಇಂಗ್ಲಿಷ್ ಬೋರ್ಡ್‌ಗಳು ಕೆಳಗೆ ಬಿದ್ವು, ನಾವು ದಿನವಿಡೀ ಲೈವ್ ಕೊಟ್ವಿ. ಎರಡೇ ತಿಂಗಳಲ್ಲಿ, 2024ರ ಫೆಬ್ರವರಿಯಲ್ಲಿ, ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ಒಪ್ಪಿತು. ಬೋರ್ಡ್‌ನಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲೇ. ಸರಿ, ಕನ್ನಡ ಬಂತು. ಆದ್ರೆ ಎಂಥಾ ಕನ್ನಡ ಬಂತು?

ದೊಡ್ಡಬಳ್ಳಾಪುರದಲ್ಲಿ ಬೋರ್ಡ್ ಬರೆಯುವ ಯಜಮಾನರೊಬ್ಬರನ್ನ ಮಾತಾಡಿಸಿದೆ. ಒಂದು ಕಾಲಕ್ಕೆ ಸೀರೆ ಅಂಗಡಿ, ಹೋಟೆಲ್, ಸಿನಿಮಾ ಟೆಂಟ್ ಎಲ್ಲದಕ್ಕೂ ಬರೆದವರು. ಫ್ಲೆಕ್ಸ್ ಬಂದ ಮೇಲೆ ಲಾರಿ ಹಿಂಭಾಗ, ಶಾಲೆ ಕಾಂಪೌಂಡ್, ಅಷ್ಟೇ. ಹೊಸ ಕಾನೂನಿನಿಂದ ಕೆಲಸ ಬಂತಾ ಅಂದೆ. 'ಎಲ್ಲಾ ಪ್ರಿಂಟಿಂಗ್‌ನೋರ್ಗೆ ಹೋಯ್ತು ಸಾರ್' ಅಂದ್ರು. ಆಮೇಲೆ ಒಂದು ಮಾತು ಹೇಳಿದ್ರು. 'ನೆಲಮಂಗಲ, ಹೊಸಕೋಟೆ ಯಾರ್ ಬೇಕಾದ್ರೂ ಬರೀತಾರೆ. ದೊಡ್ಡಬಳ್ಳಾಪುರ ಬರ್ಸಿ ನೋಡಿ, ಆಗ ಗೊತ್ತಾಗುತ್ತೆ.'

ಯಾಕೆ? ನೆಲಮಂಗಲದಲ್ಲಿ, ಹೊಸಕೋಟೆಯಲ್ಲಿ ಒತ್ತಕ್ಷರ ಇಲ್ಲ. ದೊಡ್ಡಬಳ್ಳಾಪುರದಲ್ಲಿ ಎರಡಿವೆ, ಡಕಾರಕ್ಕೆ ಒಂದು, ಳಕಾರಕ್ಕೆ ಒಂದು. ಒತ್ತು ಕೆಳಗೆ ಇಳಿಯುತ್ತೆ, ಕೆಳಗಿನ ಸಾಲಿನ ಜಾಗ ತಿನ್ನುತ್ತೆ. ಕೈಯಲ್ಲಿ ಬರೆಯೋರು ಮೊದಲು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒತ್ತನ್ನ ಪಕ್ಕದ ಅಕ್ಷರದ ಬುಡಕ್ಕೆ ತೂರಿಸಿ ಜಾಗ ಉಳಿಸ್ತಾರೆ. ಕಂಪ್ಯೂಟರ್ ಹಾಗೆ ಮಾಡೋದಿಲ್ಲ. (ನಮ್ಮ ಚಾನೆಲ್‌ನ ಕೆಳಗಿನ ಪಟ್ಟಿಯಲ್ಲೂ ಎಷ್ಟೋ ಸಲ ಒತ್ತಿನ ಕಾಲು ಕತ್ತರಿಸಿ ಹೋಗಿರುತ್ತೆ. ಒಪ್ಪಿಕೊಳ್ತೀನಿ.)

ನಾನು ಇಂಜಿನಿಯರಿಂಗ್ ಓದಿದವನು, ಒಂದು ಲೆಕ್ಕ ಕೊಡ್ತೀನಿ. ಹೆಸರು ಉದ್ದ, ಬೋರ್ಡ್ ಚಿಕ್ಕದು. ಫ್ಲೆಕ್ಸ್ ಡಿಸೈನರ್ ಮೌಸ್ ಹಿಡಿದು ಅಗಲವನ್ನ ಅರ್ಧಕ್ಕೆ ಒತ್ತುತ್ತಾನೆ. ಆಗ ನಿಂತ ಗೆರೆಗಳ ದಪ್ಪ ಅರ್ಧ ಆಗುತ್ತೆ, ಮಲಗಿದ ಗೆರೆಗಳ ದಪ್ಪ ಹಾಗೇ ಇರುತ್ತೆ. ತಲೆಕಟ್ಟು ದಪ್ಪ, ಹೊಟ್ಟೆ ಸಣಕಲು. ಬಸ್ಸಿನಿಂದ ನೋಡಿದ್ರೆ ಓದೋಕಾಗಲ್ಲ. ಬ್ರಶ್ ಹಿಡಿದವರು ಅಕ್ಷರ ಕಿರಿದು ಮಾಡ್ತಾರೆ, ಆದ್ರೆ ಬ್ರಶ್ಶಿನ ಅಗಲ ಅದೇ ಇರುತ್ತಲ್ಲ, ಹಾಗಾಗಿ ದಪ್ಪ ಕೆಡೋದಿಲ್ಲ.

ಹಾಗಾದ್ರೆ ಆ ಕೈಬರಹವನ್ನೇ ಫಾಂಟ್ ಮಾಡಬಾರದಾ? ಮಾಡಬಹುದು, ಮಾಡಿದವರಿದ್ದಾರೆ. ದೆಹಲಿಯ ಹನೀಫ್ ಕುರೇಶಿ 'ಹ್ಯಾಂಡ್‌ಪೇಂಟೆಡ್‌ಟೈಪ್' ಅಂತ ಒಂದು ಯೋಜನೆ ನಡೆಸಿದ್ರು. ಬೀದಿ ಪೇಂಟರ್‌ಗಳಿಂದ ಅಕ್ಷರಮಾಲೆ ಬರೆಸಿ, ಫಾಂಟ್ ಮಾಡಿ, ಅದಕ್ಕೆ ಆ ಪೇಂಟರ್ ಹೆಸರನ್ನೇ ಇಟ್ಟರು. 2024ರಲ್ಲಿ ಅವರು ತೀರಿಕೊಂಡ್ರು. ಅಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರಗಳೇ.

ಇಂಗ್ಲಿಷಿಗೆ ದೊಡ್ಡದು, ಚಿಕ್ಕದು ಸೇರಿ 52 ಅಕ್ಷರ ಸಾಕು. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೆ 15ರ ಕಾಗುಣಿತ ಅಂದ್ರೆ 510. ಮೇಲೆ ಒತ್ತುಗಳು. ಎಲ್ಲವನ್ನೂ ಬೇರೆ ಬೇರೆ ಬರೆಯಬೇಕಿಲ್ಲ, ತುಂಡು ಜೋಡಿಸಬಹುದು. ಆದ್ರೆ ಪ್ರತಿ ಜೋಡಣೆ ಸರಿಯಾಗಿ ಕೂತಿದೆಯಾ ಅಂತ ಕಣ್ಣಲ್ಲಿ ನೋಡಲೇಬೇಕು. ಖರ್ಚು ಯಾರು ಕೊಡ್ತಾರೆ? ಮುಂಬೈನ ಏಕ್ ಟೈಪ್ ಸಂಸ್ಥೆ 'ಬಲೂ ತಮ್ಮ' ಅನ್ನೋ ದುಂಡಗಿನ ಕನ್ನಡ ಫಾಂಟನ್ನ ಉಚಿತವಾಗಿ ಬಿಟ್ಟಿದೆ, ಚೆನ್ನಾಗಿದೆ. ಕಾಡಿನ ಕಥೆಯ ಕರಡಿ ಬಲೂ ಹೆಸರಿಗೆ ನಮ್ಮ 'ತಮ್ಮ' ಸೇರಿಸಿದ್ದಾರೆ. ಆದ್ರೆ ನಮ್ಮ ಲಾರಿ, ನಮ್ಮ ಸಿನಿಮಾ ಗೋಡೆಯ ಅಕ್ಷರ ಅದಲ್ಲ.

ಯಜಮಾನರಿಗೆ ಡ್ರಾಯಿಂಗ್ ಹಾಳೆ, ಕಪ್ಪು ಬಣ್ಣ ಕೊಟ್ಟು ಬಂದಿದ್ದೆ. 'ಇದನ್ನ ಕಂಪ್ಯೂಟರಿಗೆ ಹಾಕಿದ್ರೆ ನನ್ನನ್ನ ಯಾರು ಕರೀತಾರೆ ಸಾರ್?' ಅಂದ್ರು. ಹೆಸರು ನಿಮ್ಮದೇ ಇರುತ್ತೆ, ದುಡ್ಡಿನ ಮಾತು ಮೊದಲೇ ಬರೆದುಕೊಳ್ಳೋಣ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಈಗ ಅ ಇಂದ ಳ ತನಕ ಹಾಳೆ ಬಂದಿದೆ. ಒತ್ತುಗಳು ಬಾಕಿ. ಮುಂದಿನ ವಾರ ಬನ್ನಿ ಅಂದಿದ್ದಾರೆ.