ಸಹೋದ್ಯಮಿಗೆ ವಿದಾಯ: ಲೆಕ್ಕಪುಸ್ತಕದಲ್ಲಿ ಕಾಣದ ಖಿನ್ನತೆ

ಕಾಫಿ ಉದ್ಯಮಿ ವಿ. ಜಿ. ಸಿದ್ಧಾರ್ಥ ಅವರು 2019ರ ಜುಲೈ 29ರಂದು ಬೆಂಗಳೂರಿನಿಂದ ಹೊರಟದ್ದು ಸಕಲೇಶಪುರಕ್ಕೆಂದು. ದಾರಿಯಲ್ಲಿ ಮಂಗಳೂರಿನತ್ತ ಸಾಗಲು ಚಾಲಕನಿಗೆ ತಿಳಿಸಿದರು. ಅಂದು ಸಂಜೆ ಕಾಣೆಯಾದವರ ಪಾರ್ಥಿವ ಶರೀರ 31ರಂದು ದೊರೆಯಿತು. ಅದೇ ದಿನ ನೆರೆಯ ಮೂಡಿಗೆರೆ ತಾಲ್ಲೂಕಿನ ಚೇತನಹಳ್ಳಿ ತೋಟದಲ್ಲಿ ಬೆಳೆಗಾರರೂ ಕಾರ್ಮಿಕರೂ ವರ್ತಕರೂ ಅವರನ್ನು ಬೀಳ್ಕೊಟ್ಟರು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದು, ಮಲೆನಾಡಿನ ಬೀಜಕ್ಕೆ ನಗರದ ಬಟ್ಟಲನ್ನು ಒದಗಿಸಿದವರು ಅವರು.

ಅವರ ಹೆಸರಿನಲ್ಲಿ ಬೆಳಕಿಗೆ ಬಂದ ಪತ್ರದಲ್ಲಿ, ಉದ್ಯಮಿಯಾಗಿ ತಾವು ಸೋತೆವೆಂಬ ಭಾವವೂ ಎಲ್ಲ ಹೊಣೆ ತಮ್ಮೊಬ್ಬರದೇ ಎಂಬ ಮಾತೂ ಇದ್ದವು. ದೂರದಲ್ಲಿ ನಿಂತು ಯಾರ ಮನಸ್ಸಿಗೂ ರೋಗದ ಹೆಸರು ಹಚ್ಚುವುದು ಸಲ್ಲದು. ಇಂತಹ ಸಾವಿಗೆ ಒಂದೇ ಕಾರಣವೆಂಬುದೂ ಇರುವುದಿಲ್ಲ. ಆದರೆ ವ್ಯಾಪಾರಿಗಳು ಗಮನಿಸಬೇಕಾದ ಅಂಶವೊಂದಿದೆ. 2019ರ ಮಾರ್ಚ್‌ನಲ್ಲಿ ಸುಮಾರು 7,200 ಕೋಟಿ ರೂಪಾಯಿಯಷ್ಟಿದ್ದ ಸಮೂಹದ ಸಾಲವು, ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಸೇರಿದಂತೆ ಆಸ್ತಿಗಳ ಮಾರಾಟದಿಂದ, ಎರಡು ವರ್ಷಗಳಲ್ಲಿ 1,800 ಕೋಟಿಗಿಂತ ಕೆಳಗಿಳಿಯಿತು. ಸಂಸ್ಥೆಯ ಕಷ್ಟಗಳು ಅಲ್ಲಿಗೇ ಮುಗಿಯಲಿಲ್ಲ, ನಿಜ. ಆದರೂ ಸಾಲಕ್ಕೆ ಮಾತುಕತೆಯಿದೆ, ಕಂತಿದೆ, ಮಾರಾಟವಿದೆ. ಕುಗ್ಗಿದ ಮನಸ್ಸಿಗೆ ಈ ದಾರಿಗಳೇ ಕಾಣದಂತಾಗುವುದು ಖಿನ್ನತೆಯ ಲಕ್ಷಣವೆಂದು ವೈದ್ಯರು ಹೇಳುತ್ತಾರೆ.

ಸಕಲೇಶಪುರ, ಆಲೂರು ಸೀಮೆಯಲ್ಲಿ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ, ಕೊಯ್ಲಿನ ನಂತರ. ಹೂಮಳೆ ತಪ್ಪಿದರೆ ಅಥವಾ ಆಷಾಢದ ಮಳೆಗೆ ಕಾಯಿ ಉದುರಿದರೆ, ಗೊಬ್ಬರದಂಗಡಿಯ ಉದ್ರಿ ಲೆಕ್ಕವೂ ಉದ್ದವಾಗುತ್ತದೆ. ಬೆಳೆಗಾರನ ನಷ್ಟ ಹೀಗೆ ಅಂಗಡಿಯ ಗಲ್ಲಾಪೆಟ್ಟಿಗೆಗೂ ತಲುಪುತ್ತದೆ. ಹೊರಗೆ ಮಾತ್ರ ಎಲ್ಲರೂ ‘ಚೆನ್ನಾಗಿದ್ದೇವೆ’ ಎನ್ನುವವರೇ! ಸಾಖ್ ಹೋದೀತೆಂಬ ಭಯ ನಮ್ಮವರ ಬಾಯಿ ಕಟ್ಟುತ್ತದೆ.

ಎರಡು ವಾರ ಮೀರಿ ನಿದ್ರೆ ಬಾರದಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ತಾನು ಎಲ್ಲರಿಗೂ ಭಾರವೆಂಬ ಮಾತು, ಹೆಚ್ಚಿದ ಕುಡಿತ, ಬ್ಯಾಂಕಿನ ಕಾಗದವನ್ನು ಒಡೆಯದೆಯೇ ಇಡುವುದು, ಇವು ಕಂಡಾಗ ನೆರೆಯಂಗಡಿಯವರು ಸುಮ್ಮನಿರಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಕೇಳಿದವರಿಂದ ಎಷ್ಟೋ ಜನರಿಗೆ ಹಗುರವೆನಿಸಿದೆ. ‘ಧೈರ್ಯವಾಗಿರಿ’ ಎಂಬ ಉಪದೇಶಕ್ಕಿಂತ, ಜೊತೆಗೆ ಕುಳಿತು ಲೆಕ್ಕ ನೋಡುವುದು, ಜೊತೆಗೇ ವೈದ್ಯರ ಬಳಿಗೆ ಹೋಗುವುದು ಮೇಲು.

ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 20 ಮಂದಿಯಲ್ಲಿ ಒಬ್ಬರು ಜೀವನದಲ್ಲೊಮ್ಮೆ ಖಿನ್ನತೆಗೆ ಒಳಗಾಗುತ್ತಾರೆ. ಚಿಕಿತ್ಸೆ ಪಡೆಯುವವರು ಅಲ್ಪಸಂಖ್ಯಾತರು. ಔಷಧ ಮತ್ತು ಆಪ್ತಸಮಾಲೋಚನೆಯಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ವಿಮಾ ಸೌಲಭ್ಯವಿರಬೇಕು. ನೌಕರರ ಗುಂಪು ವಿಮೆ ನವೀಕರಿಸುವಾಗ ಸದಸ್ಯರು ಇದನ್ನು ಪರಿಶೀಲಿಸಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.