ಪಿತ್ತಕೋಶದ ಕಲ್ಲು ಮತ್ತು ಕಿರುರಂಧ್ರದ ಶಸ್ತ್ರಚಿಕಿತ್ಸೆ

ಯಕೃತ್ತಿನ ಅಡಿಯಲ್ಲಿ ಎಳೆಯ ಬದನೆಕಾಯಿಯನ್ನು ಹೋಲುವ ಪುಟ್ಟ ಚೀಲವೊಂದಿದೆ; ಅದೇ ಪಿತ್ತಕೋಶ. ಯಕೃತ್ತು ಸ್ರವಿಸಿದ ಪಿತ್ತರಸವನ್ನು ಕೂಡಿಟ್ಟು, ಗಟ್ಟಿಗೊಳಿಸಿ, ಊಟದ ವೇಳೆಗೆ ಕರುಳಿಗೆ ಹರಿಸುವುದು ಅದರ ಕಾರ್ಯ. ಈ ರಸದಲ್ಲಿ ಕೊಲೆಸ್ಟರಾಲ್ ಅಥವಾ ವರ್ಣದ್ರವ್ಯವು ಮಿತಿಮೀರಿದಾಗ ಕಲ್ಲುಗಳುಂಟಾಗುತ್ತವೆ. ಬಹುಮಂದಿಗೆ ಅವು ಇರುವುದೇ ತಿಳಿಯದು. ಅಂಥವರಿಗೆ ಸಾಮಾನ್ಯವಾಗಿ ಚಿಕಿತ್ಸೆಯೂ ಬೇಕಿಲ್ಲ. ನೋವು, ಜ್ವರ, ಕಾಮಾಲೆಗಳು ಕಾಣಿಸಿಕೊಂಡಾಗ ಕಲ್ಲುಗಳೊಡನೆ ಚೀಲವನ್ನೇ ತೆಗೆಯಬೇಕಾಗುತ್ತದೆ.

ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ 1882ರಲ್ಲಿ ಇದನ್ನು ಮೊದಲು ಮಾಡಿದನು. ಅಲ್ಲಿಂದ ನೂರು ವರ್ಷಗಳ ಕಾಲ ಪಕ್ಕೆಲುಬಿನ ಕೆಳಗೆ ಉದ್ದವಾಗಿ ಕೊಯ್ಯುವುದೇ ಪದ್ಧತಿಯಾಗಿತ್ತು. 1985ರಲ್ಲಿ ಜರ್ಮನಿಯ ಬೋಬ್ಲಿಂಗೆನ್ನಿನಲ್ಲಿ ಎರಿಕ್ ಮ್ಯೂಹೆ ಉದರದರ್ಶಕದ ಮೂಲಕ ಪಿತ್ತಕೋಶವನ್ನು ತೆಗೆದಾಗ ಅಲ್ಲಿನ ಶಸ್ತ್ರವೈದ್ಯರು ಅದನ್ನು ಆದರಿಸಲಿಲ್ಲ. ಮನ್ನಣೆ ದೊರೆತದ್ದು ತಡವಾಗಿ. ಭಾರತದಲ್ಲಿ 1990ರಲ್ಲಿ ಮುಂಬಯಿಯಲ್ಲಿ ಡಾ. ಉದ್ವಾಡಿಯಾ ಅವರು ಇದಕ್ಕೆ ನಾಂದಿ ಹಾಡಿದರು. ಇಂದು ಮೂರು ನಾಲ್ಕು ಕಿರುರಂಧ್ರಗಳು ಸಾಕು. ರೋಗಿಯು ಬಹುಬೇಗನೆ ಮನೆಗೆ ಮರಳುತ್ತಾನೆ.

ಆದರೆ ರಂಧ್ರವು ಕಿರಿದಾದ ಮಾತ್ರಕ್ಕೆ ಕಾರ್ಯವು ಕಿರಿದಾಗಲಿಲ್ಲ. ಹಿಂದೆ ವೈದ್ಯನ ಬೆರಳುಗಳು ನಾಳವನ್ನು ಸವರಿ ಒಳಗಿನ ಕಲ್ಲನ್ನು ಗುರುತಿಸುತ್ತಿದ್ದವು. ಈಗ ಆ ಸ್ಪರ್ಶಜ್ಞಾನವು ಬಹುಮಟ್ಟಿಗೆ ಇಲ್ಲವಾಗಿದೆ. ಪರದೆಯ ಮೇಲಿನ ಚಿತ್ರವೇ ಆಧಾರ.

ಕಲ್ಲು ಪಿತ್ತಕೋಶದ ಕತ್ತಿನಲ್ಲಿ ಸಿಕ್ಕಿಕೊಂಡಾಗ ತೊಡಕು ಹೆಚ್ಚು. ಚೀಲವು ಬಿಗಿದು ಉಬ್ಬಿ ಇಕ್ಕಳದ ಹಿಡಿತಕ್ಕೆ ಬಾರದು. ಸೂಜಿಯಿಂದ ರಸವನ್ನು ಹೀರಿ ಸಡಿಲಿಸಿಕೊಳ್ಳಬೇಕು. ಉರಿಯೂತದಿಂದ ಸುತ್ತಲಿನ ಅಂಗಾಂಶಗಳು ಒಂದಕ್ಕೊಂದು ಅಂಟಿಕೊಂಡು, ಮುಖ್ಯ ಪಿತ್ತನಾಳವು ಪಿತ್ತಕೋಶಕ್ಕೆ ತೀರ ಹತ್ತಿರ ಸೆಳೆಯಲ್ಪಟ್ಟಿರುತ್ತದೆ. ಅದನ್ನೇ ಪಿತ್ತಕೋಶದ ನಾಳವೆಂದು ಭ್ರಮಿಸಿ ಕತ್ತರಿಸಿದರೆ ರೋಗಿಗೆ ವರ್ಷಾನುಗಟ್ಟಲೆ ಸಂಕಟ. ಈ ಭ್ರಮೆಯನ್ನು ತಡೆಯಲೆಂದೇ ಅಮೆರಿಕದ ಸ್ಟ್ರಾಸ್‌ಬರ್ಗ್ 1995ರಲ್ಲಿ ಒಂದು ಕಟ್ಟುನಿಟ್ಟನ್ನು ಸೂಚಿಸಿದನು: ಆ ತ್ರಿಕೋನಪ್ರದೇಶದ ಕೊಬ್ಬನ್ನೆಲ್ಲ ಬಿಡಿಸಿ, ಚೀಲದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಿ, ಎರಡೇ ಎರಡು ಕೊಳವೆಗಳು ಚೀಲವನ್ನು ಸೇರುವುದು ಕಣ್ಣಿಗೆ ಕಂಡ ಹೊರತು ಯಾವುದನ್ನೂ ಕತ್ತರಿಸಬಾರದು. ಕಾಣದಿದ್ದರೆ? ಕಲ್ಲುಗಳನ್ನು ತೆಗೆದು ಚೀಲದ ಒಂದು ಭಾಗವನ್ನು ಅಲ್ಲಿಯೇ ಉಳಿಸಬಹುದು, ಇಲ್ಲವೆ ಹೊಟ್ಟೆಯನ್ನು ತೆರೆಯಬಹುದು. ಹಾಗೆ ತೆರೆಯುವುದನ್ನು ಸೋಲೆಂದು ಬಗೆಯುವವರುಂಟು. ಅದು ಸೋಲಲ್ಲ, ವಿವೇಕ.

ಚೀಲವು ಹರಿದು ಕಲ್ಲುಗಳು ಕರುಳಿನ ಮಡಿಕೆಗಳಲ್ಲಿ ಚೆದುರುವುದೂ ಅಪರೂಪವಲ್ಲ. ಕಂಡವುಗಳನ್ನೆಲ್ಲ ಹೆಕ್ಕಿ, ಉದರವನ್ನು ತೊಳೆಯಬೇಕು. ಉಳಿದ ಕಲ್ಲು ಬಹುತೇಕ ತೊಂದರೆ ಕೊಡದು. ಆದರೆ ಕೆಲವೊಮ್ಮೆ ತಿಂಗಳುಗಳ, ವರ್ಷಗಳ ಅನಂತರ ಅದರ ಸುತ್ತ ಕೀವು ಕಟ್ಟುತ್ತದೆ. ಆದಕಾರಣ ಕಲ್ಲು ಚೆಲ್ಲಿದ ಸಂಗತಿಯನ್ನು ದಾಖಲೆಯಲ್ಲಿ ಬರೆದು ರೋಗಿಗೂ ತಿಳಿಸಬೇಕು. ಮರೆಮಾಚಿದರೆ, ಮುಂದೆ ಬೇರೊಬ್ಬ ವೈದ್ಯನು ಆ ಬಾವಿನ ಕಾರಣವನ್ನರಿಯದೆ ತಡಕಾಡಬೇಕಾದೀತು.

ಮುಖ್ಯನಾಳಕ್ಕೆ ಜಾರಿದ ಕಲ್ಲು ಕಾಮಾಲೆಯನ್ನೂ ಮೇದೋಜೀರಕದ ಉರಿಯೂತವನ್ನೂ ತರಬಲ್ಲದು. ಅದನ್ನು ಸಾಮಾನ್ಯವಾಗಿ ಬಾಯಿಯ ಮೂಲಕ ಇಳಿಸಿದ ದರ್ಶಕನಳಿಕೆಯಿಂದ, ಶಸ್ತ್ರಚಿಕಿತ್ಸೆಗೆ ಮುನ್ನವೋ ಅನಂತರವೋ, ಹೊರತೆಗೆಯುತ್ತಾರೆ. ಇನ್ನು ಬಿಡಿಸಿದ ಪಿತ್ತಕೋಶದಲ್ಲಿ ದೊಡ್ಡ ಕಲ್ಲಿದ್ದರೆ, ಕೊನೆಯ ಗಳಿಗೆಯಲ್ಲಿ ಅದು ರಂಧ್ರದಲ್ಲಿ ಹಿಡಿಯದೆ ನಿಲ್ಲುತ್ತದೆ. ಆಗ ಚೀಲದೊಳಗೇ ಅದನ್ನು ಪುಡಿಮಾಡುವುದು, ಇಲ್ಲವೆ ಹೊಕ್ಕುಳ ಬಳಿಯ ರಂಧ್ರವನ್ನು ತುಸು ಹಿಗ್ಗಿಸುವುದು ರೂಢಿ.