ಜೋಡಿ ಯಂತ್ರಗಳಲ್ಲಿ ಯಜಮಾನ ಯಾರು?

ಬಾನುಲಿಯಲ್ಲಿ ಸಂಗೀತ ಕಚೇರಿ ನಡೆಯುತ್ತಿರುವಾಗ ತಟ್ಟನೆ ಧ್ವನಿ ನಿಂತರೆ ಮನೆಮಂದಿಯೆಲ್ಲ ಪೆಟ್ಟಿಗೆಯ ಕಡೆಗೆ ತಿರುಗುವುದುಂಟು. ಕೆಟ್ಟದ್ದು ನಮ್ಮ ಪೆಟ್ಟಿಗೆಯೋ, ನಿಲಯದ ಪ್ರೇಷಕ ಯಂತ್ರವೋ, ಅಥವಾ ಗಾಯಕರೇ ಒಂದು ಗುಟುಕು ನೀರಿಗೆಂದು ನಿಲ್ಲಿಸಿದರೋ ಎಂಬುದನ್ನು ಬರಿಯ ಮೌನದಿಂದ ನಿರ್ಣಯಿಸಲಾಗದು. ಗಣಕಯಂತ್ರಗಳ ಲೋಕದಲ್ಲಿಯೂ ಇದೇ ಸಂದೇಹವುಂಟು. ಅಲ್ಲಿ ಅದು ಲಕ್ಷಾಂತರ ಜನರ ಲೆಕ್ಕಪತ್ರಗಳನ್ನೇ ಅಲುಗಾಡಿಸಬಲ್ಲದು.

ಬ್ಯಾಂಕಿನ ಖಾತೆ, ರೈಲಿನ ಟಿಕೆಟು, ಆಸ್ಪತ್ರೆಯ ರೋಗಿಯ ವಿವರ, ಇವೆಲ್ಲ ಇಂದು ಸರ್ವರ್ ಎಂಬ ಯಂತ್ರಗಳಲ್ಲಿ ಇರುತ್ತವೆ. ಅವುಗಳಲ್ಲಿ ಬಹಳಷ್ಟು ನಡೆಯುವುದು ಲಿನಕ್ಸ್ ವ್ಯವಸ್ಥೆಯ ಮೇಲೆ; ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಆರಂಭಿಸಿದ ವ್ಯವಸ್ಥೆ ಅದು. ಯಂತ್ರವೆಂದ ಮೇಲೆ ಕೆಡುವುದು ಸಹಜ. ಡಿಸ್ಕು ಕೈಕೊಡುತ್ತದೆ, ಫ್ಯಾನು ನಿಲ್ಲುತ್ತದೆ, ವಿದ್ಯುತ್ತು ಹೋಗುತ್ತದೆ. ವರ್ಷದಲ್ಲಿ ನೂರಕ್ಕೆ ೯೯.೯ ಪಾಲು ಹೊತ್ತು ಕೆಲಸ ನಡೆಯಬೇಕೆಂದರೆ ಸುಮಾರು ೮ ಗಂಟೆ ೪೫ ನಿಮಿಷಗಳ ನಿಲುಗಡೆಗೆ ಅವಕಾಶವಿದೆ. ೯೯.೯೯ ಎಂದರೆ ಇಡೀ ವರ್ಷಕ್ಕೆ ಸುಮಾರು ೫೩ ನಿಮಿಷ ಮಾತ್ರ. ನಡುರಾತ್ರಿಯಲ್ಲಿ ನಿರ್ವಾಹಕನನ್ನು ಎಬ್ಬಿಸಿ, ಅವನು ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ಅದು ಮುಗಿದೇ ಹೋದೀತು. ಆದುದರಿಂದ ಎರಡು ಯಂತ್ರಗಳನ್ನು ಜೊತೆಗೂಡಿಸಿ, ಒಂದು ಬಿದ್ದರೆ ಇನ್ನೊಂದು ತಾನಾಗಿಯೇ ಕೆಲಸ ವಹಿಸಿಕೊಳ್ಳುವಂತೆ ಏರ್ಪಡಿಸುತ್ತಾರೆ. ಈ ಕೂಟಕ್ಕೆ ಕ್ಲಸ್ಟರ್ ಎಂದು ಹೆಸರು.

ಕೇಳುವುದಕ್ಕೆ ಸುಲಭ. ಎರಡು ಯಂತ್ರಗಳೂ ‘ನಾನಿದ್ದೇನೆ, ನಾನಿದ್ದೇನೆ’ ಎಂದು ಒಂದಕ್ಕೊಂದು ಸದಾ ಸಂದೇಶ ಕಳುಹಿಸುತ್ತಿರುತ್ತವೆ; ಇದಕ್ಕೆ ಎದೆಬಡಿತವೆಂದೇ ಹೆಸರು. ಲಿನಕ್ಸಿನಲ್ಲಿ ಈ ಸಂದೇಶಗಳನ್ನು ಸಾಗಿಸುವ ಕೆಲಸ ಕೊರೋಸಿಂಕ್‌ನದು. ಯಾವ ಕೆಲಸ ಯಾವ ಯಂತ್ರದಲ್ಲಿ ನಡೆಯಬೇಕೆಂದು ತೀರ್ಮಾನಿಸುವುದು ಪೇಸ್‌ಮೇಕರ್‌ನ ಹೊಣೆ. ಡಿ.ಆರ್.ಬಿ.ಡಿ. ಎಂಬ ಮೂರನೆಯದು, ಒಂದರ ಡಿಸ್ಕಿನಲ್ಲಿ ಬರೆದುದನ್ನು ಜಾಲದ ಮೂಲಕ ಇನ್ನೊಂದರ ಡಿಸ್ಕಿನಲ್ಲಿಯೂ ಬರೆದಿಡುತ್ತದೆ. ವಿಯೆನ್ನಾದ ಫಿಲಿಪ್ ರೈಸ್ನರ್ ಆರಂಭಿಸಿದ ಇದು ೨೦೧೦ರಲ್ಲಿ ಲಿನಕ್ಸಿನ ತಿರುಳಿಗೇ ಸೇರಿತು.

ತೊಡಕಿರುವುದು ಮುಂದೆ. ಎದೆಬಡಿತ ಕೇಳಿಸದಿದ್ದರೆ ಜೊತೆಗಾರ ಸತ್ತನೆಂದು ಅರ್ಥವೆ? ನಡುವಣ ತಂತಿ ಮಾತ್ರ ಕಡಿದಿರಬಹುದು. ಆಗ ಎರಡೂ ಯಂತ್ರಗಳು ‘ಅವನು ಹೋದ, ಇನ್ನು ನಾನೇ ಯಜಮಾನ’ ಎಂದುಕೊಂಡು ಒಂದೇ ಲೆಕ್ಕವನ್ನು ಬೇರೆಬೇರೆಯಾಗಿ ಬರೆಯತೊಡಗುತ್ತವೆ. ಸೊಸೆಗೆ ತಿಳಿಯದಂತೆ ಅತ್ತೆ, ಅತ್ತೆಗೆ ತಿಳಿಯದಂತೆ ಸೊಸೆ, ಇಬ್ಬರೂ ಸಾರಿಗೆ ಉಪ್ಪು ಹಾಕಿದಂತೆ. ಸಾರನ್ನಾದರೆ ಚೆಲ್ಲಿ ಬೇರೆ ಮಾಡಬಹುದು. ಇಬ್ಬಗೆಯಾದ ಖಾತೆಯಲ್ಲಿ ಯಾವ ಸಾಲು ನಿಜವೆಂದು ಹೇಳುವವರು ಯಾರು? ಸೇವೆ ಒಂದು ಗಂಟೆ ನಿಲ್ಲುವುದಕ್ಕಿಂತ ಇದು ಹೆಚ್ಚಿನ ಕೇಡೆಂದೇ ನನ್ನ ಅಭಿಪ್ರಾಯ.

ಇದಕ್ಕೆ ಕಂಡುಕೊಂಡ ಮದ್ದು ತುಸು ಕ್ರೂರವಾದದ್ದು. ಜೊತೆಗಾರನ ಸದ್ದಿಲ್ಲದಿದ್ದರೆ, ಅವನ ಕೆಲಸಕ್ಕೆ ಕೈಹಾಕುವ ಮೊದಲು ಅವನ ವಿದ್ಯುತ್ತನ್ನೇ ಕಡಿದುಬಿಡಬೇಕು. ಕಡಿದದ್ದು ಖಚಿತವಾದ ಮೇಲೆಯೇ ಮುಂದಿನ ಹೆಜ್ಜೆ. ಸ್ಟೋನಿತ್ ಎಂಬ ಇದರ ಹೆಸರನ್ನು ಬಿಡಿಸಿದರೆ ‘ಇನ್ನೊಂದು ಯಂತ್ರದ ತಲೆಗೆ ಗುಂಡು ಹೊಡೆ’ ಎಂದಾಗುತ್ತದೆ. ತಂತ್ರಜ್ಞರ ಹಾಸ್ಯ ಅಷ್ಟೇನೂ ನಯವಾದುದಲ್ಲ.

ಮದ್ದೇ ಮುಳುವಾಗುವುದೂ ಉಂಟು. ಗಣಕಗಳಿಗೆ ಪ್ರೋಗ್ರಾಂ ಬರೆಯುವವರು ತಮ್ಮ ಬರಹಗಳನ್ನು ಕಾಪಿಡುವ ಗಿಟ್‌ಹಬ್ ಎಂಬ ಸಂಸ್ಥೆ ಅಮೆರಿಕದಲ್ಲಿದೆ. ಅಲ್ಲಿ ೨೦೧೨ರ ಡಿಸೆಂಬರ್ ೨೨ರಂದು ಜಾಲದ ಸ್ವಿಚ್ಚುಗಳ ಮೇಲೆ ಕೆಲಸ ನಡೆದಿದ್ದಾಗ ಜಾಲ ಸುಮಾರು ಒಂದೂವರೆ ನಿಮಿಷ ಸ್ತಬ್ಧವಾಯಿತು. ಪೇಸ್‌ಮೇಕರ್, ಡಿ.ಆರ್.ಬಿ.ಡಿ.ಗಳನ್ನು ನೆಚ್ಚಿದ್ದ ಎಷ್ಟೋ ಜೋಡಿ ಸರ್ವರುಗಳಲ್ಲಿ ಒಂದರ ಸದ್ದು ಇನ್ನೊಂದಕ್ಕೆ ಕೇಳಿಸಲಿಲ್ಲ. ಕೊಲ್ಲುವ ಆಜ್ಞೆಗಳು ಹೊರಟವು. ಜಾಲವೇ ಕೆಟ್ಟಿದ್ದರಿಂದ ಕೆಲವು ತಲುಪಲಿಲ್ಲ. ಜಾಲ ಮರಳಿದೊಡನೆ ಹಲವು ಜೋಡಿಗಳಲ್ಲಿ ಇಬ್ಬರೂ ಯಜಮಾನರಾಗಿ ನಿಂತು, ಒಬ್ಬರನ್ನೊಬ್ಬರು ಆರಿಸಿಬಿಟ್ಟರು. ಯಾವ ಯಂತ್ರದಲ್ಲಿರುವ ಬರಹ ಸರಿಯಾದದ್ದೆಂದು ನೋಡಿಕೊಂಡು ಅವುಗಳನ್ನೆಲ್ಲ ಮತ್ತೆ ಎಬ್ಬಿಸುವುದಕ್ಕೆ ಗಂಟೆಗಟ್ಟಲೆ ಹಿಡಿಯಿತು.

ಇಬ್ಬರ ನಡುವಣ ಜಗಳಕ್ಕೆ ಮೂರನೆಯವನೊಬ್ಬ ಬೇಕು. ಸಂಘದ ಸಭೆಗೆ ಕೋರಂ ಬೇಕಷ್ಟೆ? ಇಲ್ಲಿಯೂ ಹಾಗೆಯೇ, ಒಟ್ಟು ಯಂತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಗುಂಪಿನಲ್ಲಿವೆಯೋ ಆ ಗುಂಪಿಗೆ ಮಾತ್ರ ಅಧಿಕಾರ. ಮೂರರಲ್ಲಿ ಎರಡು, ಐದರಲ್ಲಿ ಮೂರು. ನಾಲ್ಕಿದ್ದರೂ ಮೂರು ಬೇಕು. ಅಂದರೆ ಆಗಲೂ ಒಂದು ಮಾತ್ರ ಬೀಳಬಹುದು, ನಾಲ್ಕನೆಯದರ ಹಣ ಈ ಮಟ್ಟಿಗೆ ದಂಡ. ಮೂರನೆಯದನ್ನು ಕೊಳ್ಳಲಾರದವರು ಬೇರೊಂದು ಸ್ಥಳದಲ್ಲಿ ಸಣ್ಣ ಯಂತ್ರವೊಂದನ್ನು ಮತ ಹಾಕುವುದಕ್ಕೆಂದೇ ಇಡುವುದುಂಟು.

ಯೋಜನೆ ಹಾಕುವವರು ಲೆಕ್ಕಿಸಬೇಕಾದ ಸಂಗತಿಗಳು ಇನ್ನೂ ಕೆಲವಿವೆ. ಎರಡು ಯಂತ್ರಗಳಿಗೂ ವಿದ್ಯುತ್ತು ಒಂದೇ ಪ್ಲಗ್ಗಿನಿಂದ ಬರುವುದಾದರೆ ಅವು ಎರಡಲ್ಲ, ಒಂದೇ. ಎರಡೂ ಶೇಕಡ ೭೦ರಷ್ಟು ಹೊರೆ ಹೊತ್ತಿದ್ದರೆ, ಒಂದು ಬಿದ್ದಾಗ ಉಳಿದದ್ದರ ಮೇಲೆ ೧೪೦ರ ಹೊರೆ ಬಿದ್ದು ಅದೂ ಮಲಗುತ್ತದೆ. ವಿದ್ಯುತ್ತನ್ನು ಕಡಿಯುವ ಸಲಕರಣೆ ಆ ಯಂತ್ರದೊಳಗಿನ ವಿದ್ಯುತ್ತಿನಿಂದಲೇ ನಡೆಯುವುದಾದರೆ, ವಿದ್ಯುತ್ತು ಹೋದಾಗ ‘ಕಡಿದೆ’ ಎಂದು ಉತ್ತರಿಸಲು ಅದಕ್ಕೆ ಬಾಯಿಲ್ಲ. ಉಳಿದ ಯಂತ್ರ ಉತ್ತರಕ್ಕಾಗಿ ಕಾಯುತ್ತ ಕೂತಿರುತ್ತದೆ.

ಆಮೇಲೆ ತಾಲೀಮು. ಎಲ್ಲವೂ ನೆಟ್ಟಗಿರುವ ದಿನ, ಹಗಲು ಹೊತ್ತಿನಲ್ಲಿ, ಒಂದು ಯಂತ್ರದ ತಂತಿಯನ್ನು ಬೇಕೆಂದೇ ಕಿತ್ತು ನೋಡಬೇಕು. ಇದಕ್ಕೆ ಮೇಲಿನವರ ಒಪ್ಪಿಗೆ ಪಡೆಯುವುದೇ ಎಷ್ಟೋ ಕಡೆ ದೊಡ್ಡ ಸಾಹಸ! ದುರಸ್ತಿಗೆ ಕೈಹಾಕುವ ಮೊದಲು ‘ಈಗ ನಾನು ನೋಡಿಕೊಳ್ಳುತ್ತೇನೆ, ನೀನು ಸುಮ್ಮನಿರು’ ಎಂದು ಪೇಸ್‌ಮೇಕರ್‌ಗೆ ತಿಳಿಸುವ ಏರ್ಪಾಟೂ ಇದೆ.

ಎರಡು ಡಿಸ್ಕುಗಳಲ್ಲಿ ಒಂದೇ ಬರಹವಿದೆಯೆಂದು ನಿಶ್ಚಿಂತರಾಗುವವರೂ ಇದ್ದಾರೆ. ಯಾರಾದರೂ ಕೈತಪ್ಪಿ ಒಂದು ಕಡತವನ್ನು ಅಳಿಸಿದರೆ, ಅದೇ ಕ್ಷಣದಲ್ಲಿ ಇನ್ನೊಂದು ಡಿಸ್ಕಿನಿಂದಲೂ ಅದು ಅಳಿದುಹೋಗಿರುತ್ತದೆ. ಅದಕ್ಕೇ ದಿನದಿನದ ಪ್ರತಿಯೊಂದನ್ನು ಬೇರೆ ಊರಿನಲ್ಲಿ ಇಟ್ಟು, ಆಗಾಗ ಅದನ್ನು ತೆರೆದು ಓದಿ ನೋಡುತ್ತಿರುತ್ತಾರೆ.